ಸ್ಪ್ಲೆಂಡರ್ ಇಂಜಿನ್ ಮನೆಯಲ್ಲೇ ಇಳಿಸಬಹುದಾ?

ಹಳೇ ಸ್ಪ್ಲೆಂಡರ್, ಇಂಜಿನ್ ಕೆಳಗಿಂದ ದಪ್ಪನೆಯ ಟಕಟಕ ಸದ್ದು. ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ರಾಡ್) ಹೋಗಿದೆ ಅಂತ ಗ್ಯಾರೇಜಿನವರು ಹೇಳಿದ್ದಾರೆ. ಇಂಜಿನ್ ನಾನೇ ಇಳಿಸಿ ಕೊಟ್ಟರೆ ಆಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. ನನ್ನ ಗಾಡಿಯದ್ದನ್ನು ಮನೆ ಮುಂದಿನ ಶೆಡ್ಡಿನಲ್ಲೇ ಇಳಿಸಿದ್ದೇನೆ. 97.2 ಸಿಸಿ ಇಂಜಿನ್ ಅಲ್ವಾ, ಇಬ್ಬರಿದ್ದರೆ ಎತ್ತಿಡಬಹುದು.

ಆದರೆ ಇಳಿಸಲೇಬೇಕಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಕ್ಲಚ್ ಪ್ಲೇಟಿಗೆ ಬಲಗಡೆ ಕವರ್ ಬಿಚ್ಚಿದರೆ ಸಾಕು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಮಾತ್ರ ಬರುತ್ತಿದ್ದರೆ ಅದು ಹಾಫ್ ಇಂಜಿನ್ ಕೆಲಸ. ಹೆಡ್ಡು, ಬ್ಲಾಕು, ಪಿಸ್ಟನ್ನು ಚಾಸಿಯಲ್ಲೇ ಬಿಚ್ಚುತ್ತಾರೆ. ಕ್ರ್ಯಾಂಕ್ (ಕನೆಕ್ಟಿಂಗ್ ರಾಡ್ ಕೂರುವುದು ಇದರ ಮೇಲೆ) ಅಥವಾ ಗೇರ್‌ಬಾಕ್ಸ್ ಆದರೆ ಮಾತ್ರ ಅವೆರಡೂ ಕೂರುವ ಕೆಳಗಿನ ಕ್ರ್ಯಾಂಕ್‌ಕೇಸನ್ನೇ ಎರಡು ಹೋಳು ಮಾಡಬೇಕು. ಆಗ ಇಳಿಸದೆ ದಾರಿಯಿಲ್ಲ.

ಹೆಚ್ಚಿನವರು ಸುಮ್ನೆ ಇಂಜಿನ್ ಇಳಿಸಿ ನೆಲದ ಮೇಲಿಟ್ಟುಕೊಂಡು ಆಮೇಲೆ ಒದ್ದಾಡುತ್ತಾರೆ. ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗಿ ಕರೆಂಟ್ ಹುಟ್ಟಿಸುವ ಚಕ್ರ) ನಟ್, ಕ್ಲಚ್ ಲಾಕ್ ನಟ್ ಎರಡೂ ಬಲು ಬಿಗಿ. ನೆಲದ ಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಇಡೀ ಇಂಜಿನ್ನೇ ತಿರುಗುತ್ತದೆ. ಅವನ್ನು ಚೈನ್ ಇನ್ನೂ ಗಾಡಿಯಲ್ಲಿ ಇರುವಾಗಲೇ ಸಡಿಲ ಮಾಡಿ. ಟಾಪ್ ಗೇರಿಗೆ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದರೆ ಕ್ರ್ಯಾಂಕ್ ಅಲ್ಲಾಡುವುದಿಲ್ಲ. ಕವರ್ ತೆಗೆಯುವ ಮೊದಲು ಆಯಿಲ್ ಇಳಿಸಿರಬೇಕು ಅಷ್ಟೇ. ಮ್ಯಾಗ್ನೆಟ್ ಹೊರಗೆ ಬರಲು ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕು, ಸುತ್ತಿಗೆ ಬೇಡ.

ಇನ್ನೊಂದು ತಲೆನೋವು ಹೆಡ್ಡಿಗೆ ಸೇರುವ ಸೈಲೆನ್ಸರ್ ಬೆಂಡಿನ ನಟ್ಟುಗಳು. ತುಕ್ಕು ಹಿಡಿದು ಸ್ಟಡ್ಡಿಗೇ ಅಂಟಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಿಚ್ಚುವಾಗ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, 'ಕಿಟ್' ಅಂತ ಸದ್ದು ಬಂದ ಮೇಲೆ ಸಡಿಲ ಮಾಡಿ. ಸ್ಟಡ್ ಮುರಿದು ಹೆಡ್ಡಿನೊಳಗೆ ಕೂತರೆ ಲೇತ್ ಅಂಗಡಿಯವರಿಗೆ ಇನ್ನೊಂದು ಕೆಲಸ.

ಉಳಿದದ್ದು ಸುಲಭ. ಬಿಚ್ಚಬೇಕಾದ್ದು ಇಷ್ಟು: ಬ್ಯಾಟರಿಯ ನೆಗೆಟಿವ್ ವೈರ್, ಪೆಟ್ರೋಲ್ ಟ್ಯಾಂಕ್, ಕಾರ್ಬೊರೇಟರ್, ಕ್ಲಚ್ ಕೇಬಲ್, ಪ್ಲಗ್ ಕ್ಯಾಪ್, ಮ್ಯಾಗ್ನೆಟ್ ಕಪ್ಲರ್, ಫುಟ್‌ರೆಸ್ಟ್ ರಾಡ್, ಚೈನ್. ಪೆಟ್ರೋಲ್ ಟ್ಯಾಂಕ್ ಬಿಚ್ಚುವ ಹೊತ್ತಿಗೆ ಪಕ್ಕದಲ್ಲಿ ನೀರೊಲೆ ಉರಿಯುತ್ತಿರಬಾರದು, ಬೀಡಿಯೂ ಬೇಡ. ಕಾರ್ಬೊರೇಟರ್ ಕೂರುವ ತೂತಿಗೆ ಬಟ್ಟೆ ತುರುಕಿ. ಬಿಚ್ಚಿದ ಬೋಲ್ಟನ್ನು ಅದೇ ಜಾಗಕ್ಕೆ ಎರಡು ಸುತ್ತು ಹಾಕಿಟ್ಟರೆ ಯಾವುದು ಎಲ್ಲಿಯದು ಅಂತ ಹುಡುಕಬೇಕಿಲ್ಲ. ಮೊಬೈಲಿನಲ್ಲಿ ಫೋಟೋವನ್ನಂತೂ ತೆಗೆದೇ ತೆಗೆಯಿರಿ.

ಗಾಡಿ ಡಬಲ್ ಸ್ಟ್ಯಾಂಡಿನಲ್ಲಿರಲಿ. ಇಂಜಿನ್ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಡಿ. ಮುಂದಿನ ಬೋಲ್ಟುಗಳು ಮೊದಲು, ಹಿಂದಿನ ಉದ್ದದ ಬೋಲ್ಟ್ ಕೊನೆಗೆ. ಅದು ಬರಲಿಲ್ಲವೆಂದರೆ ಇಂಜಿನ್ ಭಾರ ಅದರ ಮೇಲೆ ಕೂತಿದೆ ಅಂತ ಅರ್ಥ. ಜಾಕನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ, ಕೈಯಲ್ಲೇ ಜಾರುತ್ತದೆ. ಬಡಿಯಲೇಬೇಕಾದರೆ ನಟ್ಟನ್ನು ತುದಿಗೆ ಹಾಕಿಕೊಂಡು ಬಡಿಯಿರಿ, ಇಲ್ಲದಿದ್ದರೆ ಬೋಲ್ಟಿನ ಥ್ರೆಡ್ ಹಾಳಾಗುತ್ತದೆ.

ಕನೆಕ್ಟಿಂಗ್ ರಾಡ್ ಹಾಕಲು ಗಟ್ಟಿಯಾಗಿ ಒತ್ತಿ ಕೂರಿಸುವ ಪ್ರೆಸ್ ಮಷೀನ್ ಬೇಕು. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ, ಲೇತ್ ಅಂಗಡಿಗೇ ಕೊಡಿ. ಅದರ ಬದಲು ಗುಜರಿಯಿಂದ ಬೇರೆ ಇಂಜಿನ್ ಕಡಿಮೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ. ಅದು ಬದಲಾದರೆ ಆರ್‌ಟಿಓ ಆಫೀಸಿಗೂ ಅಲೆಯಬೇಕು.