ಪಕ್ಕಪಕ್ಕದ ಎರಡು ಕೋರ್ಟು: ಯಾವುದು ದೊಡ್ಡದು?

ಪತ್ರ: ಮಗಳ ಮನೆಗೆಂದು ನ್ಯೂಯಾರ್ಕಿಗೆ ಹೋಗಿದ್ದೆ. ಮ್ಯಾನ್‌ಹಟನ್ನಿನ ಫೋಲಿ ಸ್ಕ್ವೇರ್‌ನಲ್ಲಿ ಪಕ್ಕಪಕ್ಕದಲ್ಲೇ ಎರಡು ಭಾರಿ ಕೋರ್ಟುಗಳನ್ನು ನೋಡಿದೆ. ಒಂದು ಸುಪ್ರೀಂ ಕೋರ್ಟು ಅಂತ ಅಳಿಯ ಹೇಳಿದರು. ಅದು ವಾಷಿಂಗ್ಟನ್ನಿನಲ್ಲಿ ಇರೋದು ಅಲ್ವಾ? ಒಂದರಲ್ಲಿ ಸೋತವರು ಪಕ್ಕದ್ದಕ್ಕೆ ಅಪೀಲು ಹೋಗುತ್ತಾರಾ? ನಮ್ಮಂಥವರನ್ನು ಒಳಗೆ ಬಿಡುತ್ತಾರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅಳಿಯ ಹೇಳಿದ್ದು ಸರಿ. ನಿಮ್ಮ ಅನುಮಾನವೂ ಸರಿ.

ಅಗಲವಾದ ಮೆಟ್ಟಿಲು, ಎತ್ತರದ ಕಂಬಗಳ ಸಾಲು, ಆರು ಮೂಲೆಯ ಕಟ್ಟಡ ನೋಡಿದಿರಲ್ಲ, ಅದು ನ್ಯೂಯಾರ್ಕ್ ರಾಜ್ಯದ್ದು. 1927ರದು. ಒಳ್ಳೆಯ ಸರ್ಕಾರಕ್ಕೆ ನ್ಯಾಯವೇ ಗಟ್ಟಿ ಕಂಬ ಎನ್ನುವ ಅರ್ಥದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ, ಅದೂ ಒಂದು ಪದ ತಪ್ಪಾಗಿ! ಅದರ ಹೆಸರು ಸುಪ್ರೀಂ ಕೋರ್ಟು. ಆದರೆ ಕೇಸು ಶುರುವಾಗೋದೇ ಅಲ್ಲಿ. ಆ ರಾಜ್ಯದಲ್ಲಿ ಗಂಡಹೆಂಡತಿ ಡಿವೋರ್ಸ್ ತಗೋಬೇಕಾದರೂ ಸುಪ್ರೀಂ ಕೋರ್ಟಿಗೇ ಹೋಗಬೇಕು. ರಾಜ್ಯದ ಕೊನೆಯ ಕೋರ್ಟು ಅದರ ರಾಜಧಾನಿ ಆಲ್ಬನಿಯಲ್ಲಿದೆ. ಅದನ್ನು ಬರೀ ಕೋರ್ಟ್ ಆಫ್ ಅಪೀಲ್ಸ್ ಅಂತ ಕರೆಯುತ್ತಾರೆ. ಹೊಸಬರು ಗಲಿಬಿಲಿ ಆಗದೆ ಇನ್ನೇನು?

ಪಕ್ಕದಲ್ಲಿ ಚಿನ್ನದ ಬಣ್ಣದ ತುದಿಯ ಗೋಪುರ ಇದೆಯಲ್ಲ, ಅದು ಫೆಡರಲ್ ಕೋರ್ಟು, ಅಂದರೆ ಕೇಂದ್ರದ್ದು. ಕ್ಯಾಸ್ ಗಿಲ್ಬರ್ಟ್ ಅದರ ನಕ್ಷೆ ಮಾಡಿದವರು. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ಕಟ್ಟಡವೂ ಅವರದೇ. ಎರಡೂ ಮುಗಿಯುವ ಮೊದಲೇ, 1934ರಲ್ಲಿ, ತೀರಿಕೊಂಡರು. ಈಗ ಗೋಪುರಕ್ಕೆ ಥರ್ಗುಡ್ ಮಾರ್ಷಲ್ ಹೆಸರಿದೆ. ಕರಿಯ ಮಕ್ಕಳಿಗೆ ಬೇರೆ ಶಾಲೆ ಅನ್ನೋದರ ವಿರುದ್ಧ ವಾದ ಮಾಡಿ 1954ರಲ್ಲಿ ಗೆದ್ದ ವಕೀಲರು ಅವರು. ಆಮೇಲೆ ಇದೇ ಕಟ್ಟಡದ ಅಪೀಲು ಕೋರ್ಟಿನಲ್ಲಿ ಜಡ್ಜ್ ಆದರು.

ಒಂದರಲ್ಲಿ ಸೋತು ಇನ್ನೊಂದಕ್ಕೆ ಹೋಗೋದಾ? ಇಲ್ಲ. ನಮ್ಮಲ್ಲಿ ಕಾನೂನು ದೆಹಲಿಯದಾಗಲಿ, ವಿಧಾನಸೌಧದ್ದಾಗಲಿ, ಸಾಮಾನ್ಯವಾಗಿ ಅದೇ ಊರ ಕೋರ್ಟಿನಿಂದ ಶುರು. ಅಲ್ಲಿಂದ ಹೈಕೋರ್ಟು, ಆಮೇಲೆ ದೆಹಲಿ. ಅಮೆರಿಕದಲ್ಲಿ 1789ರಿಂದಲೇ ಎರಡು ಸಾಲು. ರಾಜ್ಯದ ಕೋರ್ಟಿನಲ್ಲಿ ಸೋತವರು ರಾಜ್ಯದ ಅಪೀಲು ಕೋರ್ಟು, ಆಲ್ಬನಿ ಅಂತ ತಮ್ಮ ಸಾಲಿನಲ್ಲೇ ಮೇಲೆ ಹೋಗಬೇಕು. ಕೇಂದ್ರದ ಕಾನೂನು ಅಥವಾ ಸಂವಿಧಾನದ ಪ್ರಶ್ನೆ ಇದ್ದರೆ ಮಾತ್ರ ಅಲ್ಲಿಂದ ವಾಷಿಂಗ್ಟನ್ನಿನ ಬಾಗಿಲು ತಟ್ಟಬಹುದು. ಅವರು ಕೇಸು ಎತ್ತಿಕೊಳ್ಳಲೇಬೇಕು ಅಂತೇನಿಲ್ಲ.

ಮನೆ, ಮದುವೆ, ಉಯಿಲು, ಬಾಡಿಗೆ ಜಗಳ, ಬಹುಪಾಲು ಕೊಲೆ ಕೇಸು, ಎಲ್ಲ ರಾಜ್ಯದ ಪಾಲಿಗೆ. ದಿವಾಳಿ, ಪೇಟೆಂಟ್, ಕೇಂದ್ರದ ಕಾನೂನಿನ ಅಪರಾಧಗಳು ಫೆಡರಲ್ ಪಾಲಿಗೆ. ಎರಡು ಬೇರೆ ರಾಜ್ಯದವರ ಜಗಳ 75,000 ಡಾಲರ್ ಮೀರಿದ್ದರೆ ಅದನ್ನೂ ಅಲ್ಲಿಗೆ ಒಯ್ಯಬಹುದು. ಊರ ಕೋರ್ಟು ಊರವರ ಕಡೆಗೇ ವಾಲಿದರೆ ಅನ್ನೋ ಹಳೇ ಭಯ ಅದಕ್ಕೆ ಕಾರಣ. ಹಾಗಾಗಿ ಯಾವುದು ದೊಡ್ಡದು ಅಂದರೆ, ಜನರ ದಿನದ ಬದುಕಿಗೆ ರಾಜ್ಯದ್ದೇ ದೊಡ್ಡದು ಅಂತ ನಾನು ಹೇಳುತ್ತೇನೆ. ದೇಶದ ಕೇಸುಗಳಲ್ಲಿ ಬಹುಪಾಲು ಅಲ್ಲೇ ನಡೆಯೋದು.

ಜಡ್ಜ್‌ಗಳು ಬರುವ ದಾರಿಯೂ ಬೇರೆ. ಫೆಡರಲ್ ಜಿಲ್ಲಾ ಜಡ್ಜ್‌ಗಳನ್ನು ಅಧ್ಯಕ್ಷರು ನೇಮಿಸಿ, ಸೆನೆಟ್ ಒಪ್ಪಬೇಕು. ಆಮೇಲೆ ಜೀವನಪೂರ್ತಿ ಕುರ್ಚಿ. ಪಕ್ಕದ ಕಟ್ಟಡದ ರಾಜ್ಯ ಸುಪ್ರೀಂ ಕೋರ್ಟಿನವರನ್ನು 14 ವರ್ಷಕ್ಕೆ ಜನ ವೋಟು ಹಾಕಿ ಆರಿಸುತ್ತಾರೆ. ತೀರ್ಪು ಕೊಡುವವರು ವೋಟು ಕೇಳೋದು ನನಗಂತೂ ಸರಿ ಕಾಣಲ್ಲ. ಜೀವನಪೂರ್ತಿ ಕುರ್ಚಿಯೂ ಜಾಸ್ತಿ ಆಯಿತು ಅನ್ನುವವರು ಅಲ್ಲೇ ಬೇಕಾದಷ್ಟಿದ್ದಾರೆ, ಬಿಡಿ.

ಒಂದು ಮಾತು ಅಳಿಯನಿಗೆ ಹೇಳಿ. ಹೊರದೇಶದವರನ್ನು ವಾಪಸ್ ಕಳಿಸಬೇಕೇ ಅನ್ನೋ ಕೇಸು ನೋಡುವ ಇಮಿಗ್ರೇಷನ್ ಕೋರ್ಟು ಈ ಎರಡು ಸಾಲಿಗೂ ಸೇರಿದ್ದಲ್ಲ. ಅದು ಕೇಂದ್ರದ ನ್ಯಾಯ ಇಲಾಖೆಯ ಕೈಕೆಳಗಿನ ಕಚೇರಿ.

ಒಳಗೆ ಧಾರಾಳವಾಗಿ ಹೋಗಬಹುದು. ವಿಚಾರಣೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಬಾಗಿಲಲ್ಲಿ ಚೆಕಿಂಗ್ ಇರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಫೆಡರಲ್ ಕೋರ್ಟಿನಲ್ಲಿ ಮೊಬೈಲನ್ನು ಬಾಗಿಲಲ್ಲೇ ಕೊಟ್ಟು ಹೋಗಬೇಕು. ಫೋಟೊ ಆಸೆ ಇದ್ದರೆ ಹೊರಗಿನ ಮೆಟ್ಟಿಲ ಮೇಲೇ ಮುಗಿಸಿಕೊಳ್ಳಿ.
– ಸಂಪಾದಕ