ಲಕ್ಷಕ್ಕೆ 40 ಅಂದರೆ ಕಡಿಮೆಯಾ, ಜಾಸ್ತಿಯಾ?

ಓದುಗರ ಪತ್ರ: ನನ್ನ ಸೊಸೆಗೆ 38 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಒಂದು ಬಗೆಯ ಕೀಲುವಾತ) ಶುರುವಾಗಿದೆ ಎಂದು ಡಾಕ್ಟರು ಮೆಥೋಟ್ರೆಕ್ಸೇಟ್ ಎಂಬ ಔಷಧಿ ಬರೆದುಕೊಟ್ಟಿದ್ದಾರೆ. ಈ ಕಾಯಿಲೆ ನೂರಕ್ಕೆ ಒಬ್ಬರಿಗೆ ಇದೆ ಎಂದು ಒಂದು ಕಡೆ ಓದಿದೆ. ವರ್ಷಕ್ಕೆ ಲಕ್ಷದಲ್ಲಿ 40 ಮಂದಿಗೆ ಬರುತ್ತದೆ ಎಂದು ಇನ್ನೊಂದು ಕಡೆ ಇತ್ತು. ಯಾವುದು ಸರಿ? ನಮ್ಮ ಬೀದಿಯಲ್ಲಂತೂ ಮನೆಗೊಬ್ಬರಿಗೆ ಮಂಡಿನೋವು. ಅದೂ ಇದೇನಾ?
– ನಿವೃತ್ತ ಶಿಕ್ಷಕರೊಬ್ಬರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ಎರಡೂ ಸರಿ. ನಿಮಗೆ ಶಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಒಂದನೇ ಕ್ಲಾಸಿಗೆ ವರ್ಷಕ್ಕೆ 40 ಮಕ್ಕಳು ಸೇರುತ್ತಾರೆ ಅಂದುಕೊಳ್ಳಿ. ಹತ್ತನೇ ಕ್ಲಾಸಿನವರೆಗೆ ಇರುವ ಶಾಲೆಯಲ್ಲಿ ಒಟ್ಟು 400 ಮಕ್ಕಳಿರುತ್ತಾರೆ. ಈ ಕಾಯಿಲೆಯೂ ಹಾಗೇ. ಬಂದರೆ ಬೇಗ ಬಿಟ್ಟು ಹೋಗುವುದಿಲ್ಲ. ವರ್ಷಕ್ಕೆ 40 ಹೊಸಬರು, ಒಬ್ಬೊಬ್ಬರಿಗೂ 20 ವರ್ಷ ಅಂದರೆ ಲಕ್ಷಕ್ಕೆ 800 ಮಂದಿ. ನೂರಕ್ಕೆ ಒಬ್ಬರ ಹತ್ತಿರ ಬಂತು, ಅಲ್ವಾ?

ಆ 40ರ ಲೆಕ್ಕ ಸಿಕ್ಕಿದ್ದು ಅಮೆರಿಕದ ಮಿನ್ನೆಸೋಟಾ ರಾಜ್ಯದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಮೇಯೊ ಕ್ಲಿನಿಕ್ ಎಂಬ ಹೆಸರಾಂತ ಆಸ್ಪತ್ರೆ ಇರುವುದು ಅಲ್ಲೇ. ಹೊಸ ರೋಗಿಗಳನ್ನು ಎಣಿಸುವುದು ಸುಲಭವಲ್ಲ. ಯಾರಿಗೆ ಯಾವ ವರ್ಷ ಶುರುವಾಯಿತು ಎಂದು ಇಡೀ ಊರಿನ ಲೆಕ್ಕ ಗೊತ್ತಿರಬೇಕು. ಅಲ್ಲಿ ಊರಿನ ಜನರ ಆಸ್ಪತ್ರೆ ದಾಖಲೆಗಳನ್ನು ದಶಕಗಳಿಂದ ಒಟ್ಟಿಗೆ ಜೋಡಿಸಿಟ್ಟಿದ್ದಾರೆ. 1995ರಿಂದ 2007ರವರೆಗೆ ನೋಡಿದಾಗ ಲಕ್ಷ ವಯಸ್ಕರಲ್ಲಿ ವರ್ಷಕ್ಕೆ 41 ಹೊಸ ರೋಗಿಗಳು ಸಿಕ್ಕರು. ಹೆಂಗಸರಲ್ಲಿ 53, ಗಂಡಸರಲ್ಲಿ 28.

ನಮ್ಮಲ್ಲಿ ದೆಹಲಿ ಹತ್ತಿರದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆ ಎಣಿಸಿದ್ದು ಹೊಸಬರನ್ನಲ್ಲ, ಇರುವವರನ್ನೆಲ್ಲ. ನೂರಕ್ಕೆ 0.75 ಬಂತು. ಪುಣೆ ಜಿಲ್ಲೆಯ ಭಿಗವಣದಲ್ಲಿ ನೂರಕ್ಕೆ ಸುಮಾರು 0.5.

ವರ್ಷಕ್ಕೆ ಲಕ್ಷದಲ್ಲಿ 41, ಅಂದರೆ ಸುಮಾರು 2,400 ಜನರಲ್ಲಿ ಒಬ್ಬರು ಎಂದರೆ ಸಣ್ಣದು ಅನ್ನಿಸುತ್ತದೆ. ಆದರೆ ಅದೇ ಅಮೆರಿಕದ ಊರಿನ ಲೆಕ್ಕವನ್ನು ಇಡೀ ಜೀವಮಾನಕ್ಕೆ ಹಿಡಿದರೆ 28 ಹೆಂಗಸರಲ್ಲಿ ಒಬ್ಬರಿಗೆ, 59 ಗಂಡಸರಲ್ಲಿ ಒಬ್ಬರಿಗೆ ಬರುತ್ತದೆ. ನನಗೆ ಮುಖ್ಯ ಅನ್ನಿಸುವುದು ಈ ಲೆಕ್ಕ. 28 ಹೆಂಗಸರು ಅಂದರೆ ನಮ್ಮ ನೆಂಟರಿಷ್ಟರಲ್ಲೇ ಸಿಗುತ್ತಾರೆ.

ನನ್ನ ಚಿಕ್ಕಮ್ಮ ಅವರಲ್ಲಿ ಒಬ್ಬರು. ಬೆಳಿಗ್ಗೆ ಎದ್ದರೆ ಗ್ಯಾಸ್ ಒಲೆಯ ನಾಬ್ ತಿರುಗಿಸೋಕೆ ಆಗುತ್ತಿರಲಿಲ್ಲ. ಪಾತ್ರೆಯಲ್ಲಿ ಬಿಸಿನೀರು ಹಾಕಿಕೊಂಡು ಎರಡೂ ಕೈ ಅದ್ದಿ ಕೂರುತ್ತಿದ್ದರು. ಒಂಬತ್ತು ಗಂಟೆ ಹೊತ್ತಿಗೆ ಬೆರಳು ಮಡಚೋಕೆ ಬರುತ್ತಿತ್ತು. ಮಧ್ಯಾಹ್ನ ರೊಟ್ಟಿ ತಟ್ಟುವುದನ್ನು ನೋಡಿ ಮನೆಯವರೆಲ್ಲ ‘ಸುಮ್ನೆ ವಾಯು’ ಅಂದೆವು. ಎರಡು ವರ್ಷ ಹಾಗೇ ಹೋಯಿತು. ಅಷ್ಟರಲ್ಲಿ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಬಳೆ ಏರಿಸೋಕೂ ಆಗಲಿಲ್ಲ. ಈಗ ನೆನೆದರೂ ಸಂಕಟವಾಗುತ್ತದೆ.

ನಿಮ್ಮ ಬೀದಿಯ ಮಂಡಿನೋವು ಹೆಚ್ಚಾಗಿ ಕೀಲು ಸವೆತದ್ದು. ಅದು ಮೆಟ್ಟಿಲು ಹತ್ತಿದರೆ, ಜಾಸ್ತಿ ನಡೆದರೆ ನೋಯುತ್ತದೆ. ನಿಮ್ಮ ಸೊಸೆಯ ಕಾಯಿಲೆ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಸಾಮಾನ್ಯವಾಗಿ ಎರಡೂ ಕೈಯ ಬೆರಳು, ಮಣಿಕಟ್ಟು ಊದುತ್ತವೆ. ಬೆಳಿಗ್ಗೆ ಗಂಟೆಗಟ್ಟಲೆ ಬಿಗಿತ ಇರುತ್ತದೆ. ಇದು ಆರು ವಾರ ದಾಟಿದರೆ ಕೀಲುವಾತದ ತಜ್ಞರನ್ನು ನೋಡಲೇಬೇಕು. ರಕ್ತಪರೀಕ್ಷೆಯ ಆರ್.ಎಫ್. (ರುಮಟಾಯ್ಡ್ ಫ್ಯಾಕ್ಟರ್) ಒಂದನ್ನೇ ನಂಬಬೇಡಿ. ಕಾಯಿಲೆ ಇದ್ದೂ ಅದು ನೆಗೆಟಿವ್ ಬರಬಹುದು, ಇಲ್ಲದೆಯೂ ಪಾಸಿಟಿವ್ ಬರಬಹುದು. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಅವರಿಗೂ ಹೇಳಿ, ಈ ಕಾಯಿಲೆಯ ಅಪಾಯವನ್ನು ತಂಬಾಕು ಹೆಚ್ಚಿಸುತ್ತದೆ.

ನಿಮ್ಮ ಸೊಸೆಗೆ ಬೇಗ ಗೊತ್ತಾಗಿದ್ದು ಒಳ್ಳೆಯದೇ ಆಯಿತು. ಮೊದಲ ತಿಂಗಳುಗಳಲ್ಲೇ ಔಷಧಿ ಶುರುವಾದರೆ ಕೀಲು ಹಾಳಾಗದಂತೆ ತಡೆಯೋಕೆ ಹೆಚ್ಚು ಅವಕಾಶ. ಒಂದು ಮಾತು ಮಾತ್ರ ಮರೆಯಬೇಡಿ. ಈ ಕಾಯಿಲೆಗೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವುದು ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮಕ್ಕಳಾಗುವ ಯೋಚನೆ ಇದ್ದರೆ ಡಾಕ್ಟರಿಗೆ ಈಗಲೇ ತಿಳಿಸಬೇಕು. ಡಾಕ್ಟರು ಹೇಳಿದ ದಿನ ಸೋಮವಾರವೋ ಮಂಗಳವಾರವೋ ಕೇಳಿಕೊಂಡು, ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆಲ್ಲ ನೀವೇ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಡಿ.