ಪಾಲು ಕೇಳಿದರೆ ತವರು ತಪ್ಪುತ್ತಾ? ಅಣ್ಣ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ, ಏನು ಮಾಡಲಿ?

ಗೌರಿ ಹಬ್ಬಕ್ಕೆ ಬಾಗಿನ ತರುವಾಗಲೇ ಅಣ್ಣ ಪತ್ರವನ್ನೂ ತರುತ್ತಾನಂತೆ. ಹಬ್ಬ ಮುಗಿದ ಮೇಲೆ ಬರುವ ಸೋಮವಾರ ರಿಜಿಸ್ಟ್ರೇಶನ್ ಅಂತೆ. "ನಿನಗೆ ಪಾಲು ಬೇಕಾ, ಅಣ್ಣ ಬೇಕಾ" ಅಂತ ಅಮ್ಮ ಕೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಇದೇ ಮಾತನ್ನು ನನಗೂ ಕೇಳಿದ್ದರು. ಕೇಳಿದ್ದು ಅವ್ವ ಅಲ್ಲ, ಸೋದರಮಾವ.

ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಗದ್ದೆ ಮೂರು ಎಕರೆ, ತಾತನ ಕಾಲದ್ದು. ಊರೊಳಗೆ ಒಂದು ಹೆಂಚಿನ ಮನೆ, ಅದು ಅಪ್ಪ ದುಡಿದು ಕಟ್ಟಿಸಿದ್ದು. ಮಕ್ಕಳು ನಾವಿಬ್ಬರೇ, ಅಣ್ಣ ಮತ್ತು ನಾನು. 1992ರಲ್ಲಿ ನನ್ನ ಮದುವೆಯಾಗಿ ಮೈಸೂರಿಗೆ ಬಂದೆ. 2009ರಲ್ಲಿ ಅಪ್ಪ ಹೋದರು. ವರ್ಷದ ತಿಥಿ ಮುಗಿದ ಮೇಲೆ ಅಣ್ಣ ಫೋನ್ ಮಾಡಿದ. "ಖಾತೆ ನನ್ನ ಹೆಸರಿಗೆ ಮಾಡಿಸ್ಬೇಕು ಕಣವ್ವ. ಸೊಸೈಟಿ ಸಾಲಕ್ಕೆ ಬೇಕು. ಬಂದು ಒಂದು ಸಹಿ ಹಾಕಿ ಹೋಗು" ಅಂದ. ಆಗಲಿ ಅಂದೆ.

ಗದ್ದೆ ಬಿಟ್ಟುಕೊಡಬೇಕಾಗುತ್ತದೆ ಅಂತ ನನಗೆ ಗೊತ್ತಿತ್ತು. ಅದಕ್ಕೆ ನನಗೆ ಬೇಸರವೂ ಇರಲಿಲ್ಲ. ಕಬ್ಬು ಬೆಳೆಯುವವನು ಅವನು, ರಾತ್ರಿ ಹೊತ್ತು ನೀರು ಕಟ್ಟುವವನು ಅವನು. ನನಗೆ ಸಂಬಳ ಬರುತ್ತಿತ್ತು. ಇವತ್ತಿಗೂ ಆ ಗದ್ದೆಯ ಬಗ್ಗೆ ನನಗೆ ದುಃಖ ಇಲ್ಲ. ನನ್ನ ತಪ್ಪು ಅದಲ್ಲ.

ಪತ್ರ ಬರೆಯುವವರು ಮೊದಲು ನನ್ನ ಮದುವೆ ವರ್ಷ ಕೇಳಿದರು. ಹೇಳಿದೆ. "ತೊಂಬತ್ತನಾಲ್ಕಕ್ಕೆ ಮುಂಚೆ ಮದುವೆ ಆದವರಿಗೆ ಹಕ್ಕು ಬರಲ್ಲಮ್ಮ, ಇದು ಸುಮ್ನೆ ಶಾಸ್ತ್ರಕ್ಕೆ" ಅಂದರು. ನಾನು ತಲೆಯಾಡಿಸಿದೆ. ಹಿಂದೂ ಉತ್ತರಾಧಿಕಾರ ಕಾನೂನಿಗೆ ಕರ್ನಾಟಕದಲ್ಲಿ 1994ರಲ್ಲಿ ಬಂದ ತಿದ್ದುಪಡಿಯಲ್ಲಿ ಹಾಗಿದ್ದದ್ದು ನಿಜ. ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಿಂದ ಹೊರಗಿಟ್ಟಿದ್ದರು. ಆದರೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ಕಾನೂನು ಬದಲಾಯಿತು. ಮದುವೆಯಾಗಿರಲಿ, ಆಗದಿರಲಿ, ಮಗಳಿಗೆ ಮಗನಷ್ಟೇ ಹಕ್ಕು. ನಾನು ಸಹಿ ಹಾಕಿದ್ದು 2010ರಲ್ಲಿ. ಅದೆಲ್ಲ ಬಿಡಿ. ಹಕ್ಕೇ ಇಲ್ಲದವಳಿಂದ ಹಕ್ಕು ಬಿಡುಗಡೆ ಪತ್ರ ಯಾಕೆ ಬರೆಸಿಕೊಳ್ಳುತ್ತಾರೆ? ಈ ಪ್ರಶ್ನೆ ಕೇಳಲು ಕಾನೂನು ಓದಬೇಕಾಗಿರಲಿಲ್ಲ. ನಾನು ಕೇಳಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಇಂಥ ಪತ್ರದ ಕೊನೆಯಲ್ಲಿ ಷೆಡ್ಯೂಲ್ ಅಂತ ಒಂದು ಭಾಗ ಇರುತ್ತದೆ. ಯಾವ ಸರ್ವೆ ನಂಬರು, ಎಷ್ಟು ಎಕರೆ ಗುಂಟೆ, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಏನು ಅಂತ ಚೆಕ್ಕುಬಂದಿ ಬರೆದಿರುತ್ತಾರೆ. ಮೊದಲ ಪುಟಗಳಲ್ಲಿ ಏನೇ ಇರಲಿ, ನೀವು ಬಿಟ್ಟುಕೊಡುವುದು ಯಾವುದನ್ನು ಅಂತ ಹೇಳುವುದು ಷೆಡ್ಯೂಲ್. ನಾನು ಅದನ್ನು ಓದಲಿಲ್ಲ. ನಾನು ಓದು ಬರಹ ಬಾರದವಳಲ್ಲ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತಿದ್ದವಳು. ಹಳೇ ಪತ್ರಗಳ ಭಾಷೆ ಕಷ್ಟ ಅಂತ ನೆಪ ಹೇಳುವ ಹಾಗೂ ಇಲ್ಲ. ಪತ್ರ ನನ್ನ ಕೈಯಲ್ಲೇ ಇತ್ತು. ಪುಟ ತಿರುವುತ್ತಾ "ಸಹಿ ಎಲ್ಲಿ?" ಅಂತ ಕೇಳಿದೆ. ಅವರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಹಾಕಿದೆ.

ಯಾಕೆ ಓದಲಿಲ್ಲ? ಇದಕ್ಕೆ ಉತ್ತರ ಹುಡುಕಲು ನನಗೆ ತುಂಬಾ ಕಾಲ ಹಿಡಿಯಿತು. ಅವಸರ ಇತ್ತು ಅಂತ ಮೊದಲು ಅಂದುಕೊಂಡೆ. ಅವಸರ ಇರಲಿಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಧ ದಿನ ಬೆಂಚಿನ ಮೇಲೆ ಕೂತೇ ಇದ್ದೆವು. ನಿಜ ಏನೆಂದರೆ, ಅಣ್ಣನ ಎದುರು ಪತ್ರ ಓದಿದರೆ ಅವನ ಮೇಲೆ ನಂಬಿಕೆ ಇಲ್ಲ ಅಂತ ಆಗುತ್ತದೆ ಎಂದು ನನಗೆ ನಾಚಿಕೆಯಾಯಿತು. ಹಿಂದಿನ ದಿನವೇ ಎಲ್ಲರೂ ಮುಡುಕುತೊರೆಗೆ ಹೋಗಿದ್ದೆವು, ಮಲ್ಲಿಕಾರ್ಜುನ ನಮ್ಮ ಮನೆದೇವರು. ಬೆಟ್ಟ ಹತ್ತಿ, ಕಾಯಿ ಒಡೆಸಿ, "ಅಣ್ಣ ತಂಗಿ ಹಿಂಗೇ ಇರ್ಲಪ್ಪ" ಅಂತ ಅವ್ವ ಬೇಡಿಕೊಂಡಿದ್ದಳು. ದೇವರ ಮುಂದೆ ಹಾಗೆ ನಿಂತು ಬಂದವಳು ಮಾರನೇ ದಿನ ಕನ್ನಡಕ ಹಾಕಿಕೊಂಡು ಅಣ್ಣನ ಪತ್ರದಲ್ಲಿ ತಪ್ಪು ಹುಡುಕುವುದಾ ಅನ್ನಿಸಿತು. ಓದುವುದಕ್ಕೂ ತಪ್ಪು ಹುಡುಕುವುದಕ್ಕೂ ವ್ಯತ್ಯಾಸ ಇದೆ ಅಂತ ಆಗ ಹೊಳೆಯಲಿಲ್ಲ.

ಆ ಷೆಡ್ಯೂಲಿನಲ್ಲಿ ಗದ್ದೆಯ ಜೊತೆಗೆ ಮನೆಯೂ ಇತ್ತು.

ಇನ್ನೂ ಒಂದು ಇದೆ, ಇದನ್ನು ಬರೆಯಲು ಕಷ್ಟ. ಆ ಪತ್ರಕ್ಕೆ ಅವ್ವನದೂ ಸಹಿ ಬೇಕಿತ್ತು. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳ ಜೊತೆ ಸಮನಾದ ಪಾಲು ಇದೆ. 1956ರ ಕಾನೂನಿನಲ್ಲೇ ಇದೆ. ಅಪ್ಪ ಉಯಿಲು ಬರೆದಿರಲಿಲ್ಲ. ಹಾಗಾಗಿ ಅವರು ಕಟ್ಟಿಸಿದ ಮನೆ ಅವ್ವ, ಅಣ್ಣ, ನಾನು, ಮೂವರಿಗೂ ಸೇರಿದ್ದು, ಒಬ್ಬೊಬ್ಬರದು ಮೂರನೇ ಒಂದು ಭಾಗ. ಅವ್ವ ಓದಿದವಳಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಸಹಿ ಹಾಕಿದ್ದನ್ನು ನೋಡಿ ಹೆಬ್ಬೆಟ್ಟು ಒತ್ತಿದಳು. ಮಗಳು ಟೀಚರ್, ಓದಿಯೇ ಹಾಕಿರುತ್ತಾಳೆ ಅಂತ ಅವಳ ಲೆಕ್ಕ. ಒಳಗೆ ಅಧಿಕಾರಿ "ಓದಿ, ಒಪ್ಪಿ ಬರೆದುಕೊಟ್ಟಿದ್ದೀರಾ?" ಅಂತ ಕೇಳಿದಾಗ ಇಬ್ಬರ ಪರವಾಗಿ "ಹೌದು" ಅಂದವಳೂ ನಾನೇ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಲವು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಕಾರ್ಖಾನೆಯಿಂದ ಕಬ್ಬಿನ ದುಡ್ಡು ಸರಿಯಾಗಿ ಬರಲಿಲ್ಲ, ಮಳೆಯೂ ಕೈಕೊಟ್ಟಿತು. ಅಣ್ಣ ಮನೆ ಅಡ ಇಟ್ಟ, ಕೊನೆಗೆ ಮಾರಿದ. ಅವನು ಕುಡುಕನಲ್ಲ, ಜೂಜುಕೋರನೂ ಅಲ್ಲ. ಸಾಲ ಮಾಡಿದ ರೈತ, ಅಷ್ಟೇ. ಮನೆ ಹೋದ ಮೇಲೆ ಅವರೆಲ್ಲ ಪಟ್ಟಣದಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಹೋದರು. ಅಲ್ಲಿ ಅವ್ವನಿಗೆ ಜಾಗ ಸಾಲಲಿಲ್ಲ. ಅವಳನ್ನು ನಾನು ಕರೆದುಕೊಂಡು ಬಂದೆ. "ಮನೇನೂ ಬರ್ಕೊಟ್ಬಿಟ್ಟಿದ್ವಾ?" ಅಂತ ಅವ್ವ ಕೇಳಿದಾಗಲೇ ನಾನು ಆ ಪತ್ರದ ನಕಲು ತೆಗೆಸಿ ಪೂರ್ತಿ ಓದಿದ್ದು.

ಅಣ್ಣನ ಜೊತೆ ಜಗಳವಾಯಿತು. ಅವನು "ನೀನೇ ತಾನೇ ಓದಿ ಸಹಿ ಹಾಕ್ದೋಳು" ಅಂದ. ಬಾಗಿನ ನಿಂತಿತು. ಫೋನೂ ನಿಂತಿತು. ಯಾವ ತವರು ಉಳಿಯಲಿ ಅಂತ ಓದದೆ ಸಹಿ ಹಾಕಿದ್ದೆನೋ ಆ ತವರೇ ಹೋಯಿತು. ಪಾಲು ಕೇಳಿ ಹೋದದ್ದಲ್ಲ, ಏನೂ ಕೇಳದೆ ಹೋದದ್ದು.

ಎಷ್ಟೋ ಕಾಲದ ಮೇಲೆ, ಅವ್ವನಿಗೆ ಹುಷಾರಿಲ್ಲದಾಗ ಅಣ್ಣ ನೋಡಲು ಬಂದ. ಆಗ ಕೇಳಿದೆ, ಮನೆಯನ್ನು ಯಾಕೆ ಸೇರಿಸಿದೆ ಅಂತ. ಪತ್ರ ಬರೆಯುವವರು ಅಪ್ಪನ ಹೆಸರಲ್ಲಿ ಏನೇನಿದೆ ಅಂತ ಕೇಳಿದರಂತೆ, ಇವನು ಎಲ್ಲ ಹೇಳಿದನಂತೆ. "ಮನೆ ಅವ್ವನ ಹೆಸರಲ್ಲಿರಲಿ ಅಂತ ಅವತ್ತು ಒಂದು ಮಾತು ಹೇಳಿದ್ರೆ ಬಿಟ್ಟುಬಿಡ್ತಿದ್ದೆ ಕಣೆ" ಅಂದ. ನಾನು ಅವನನ್ನು ನಂಬಿದೆ. ಈಗಲೂ ನಂಬುತ್ತೇನೆ. ಒಂದು ಮಾತು ಕೇಳಿದ್ದರೆ ಮನೆಯೂ ಉಳಿಯುತ್ತಿತ್ತು, ಸಾಲಗಾರರಿಗೆ ತೋರಿಸಲು ಅವನ ಹೆಸರಲ್ಲಿ ಮನೆ ಇರುತ್ತಿರಲಿಲ್ಲ, ನಮ್ಮ ಮಾತೂ ನಿಲ್ಲುತ್ತಿರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ ತಂಗಿ. ಪಾಲಾ, ಅಣ್ಣನಾ ಅಂತ ಎರಡನ್ನೂ ತಕ್ಕಡಿಗೆ ಹಾಕಿದವರು ಬೇರೆಯವರು. ನೀವು ಯಾಕೆ ಹಾಗೆ ತೂಗಬೇಕು? ಅಣ್ಣನ ಮನಸ್ಸಿನಲ್ಲಿ ಏನಿದೆ ಅಂತ ನೀವು ಅವನನ್ನು ಇನ್ನೂ ಕೇಳಿಯೇ ಇಲ್ಲ. ಅಮ್ಮ ಹೇಳಿದ್ದು, ಅತ್ತಿಗೆ ಹೇಳಿದ್ದು, ಚಿಕ್ಕಪ್ಪ ಹೇಳಿದ್ದು, ಇಷ್ಟೇ ನಿಮ್ಮ ಪ್ರಶ್ನೆಯಲ್ಲಿ ಇರುವುದು. ಅಣ್ಣನ ಒಂದು ಮಾತೂ ಅದರಲ್ಲಿಲ್ಲ. ಹಬ್ಬಕ್ಕೆ ಮುಂಚೆ ಅವನಿಗೆ ನೀವೇ ಫೋನ್ ಮಾಡಿ. "ಅಣ್ಣ, ಪತ್ರದ ಕರಡು ಕಳಿಸು, ನಾನು ಓದಬೇಕು" ಅನ್ನಿ. ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಿದರೂ ಸಾಕು. ಅಷ್ಟಕ್ಕೇ ಸಿಟ್ಟಾದರೆ, ಆ ಸಿಟ್ಟು ಸಹಿ ಹಾಕಿದ ಮೇಲೂ ಹೋಗುವಂಥದ್ದಲ್ಲ.

ತಂದೆ 2003ರಲ್ಲೇ ತೀರಿಕೊಂಡರು, ಹಾಗಾಗಿ ಹೊಸ ಕಾನೂನು ನಿಮಗೆ ಅನ್ವಯಿಸಲ್ಲ ಅಂತ ನಿಮ್ಮ ಚಿಕ್ಕಪ್ಪ ಹೇಳಿದ್ದಾರಲ್ವಾ, ಅದು ತಪ್ಪು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಗೆಹರಿಸಿದೆ. ಮಗಳ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿರಬೇಕು ಅಂತೇನಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನಿಮ್ಮ ಮನೆಯಲ್ಲಿ ರಿಜಿಸ್ಟರ್ಡ್ ವಿಭಾಗ ಪತ್ರ ಆಗಿದ್ದರೆ ಮಾತು ಬೇರೆ. ಆಗಿದೆಯಾ ಅಂತ ಕೇಳಿ ತಿಳಿದುಕೊಳ್ಳಿ.

ಖಾತೆ ಆಗಬೇಕಾದರೆ ಹಕ್ಕು ಬಿಡಲೇಬೇಕು ಅನ್ನುವುದೂ ಸುಳ್ಳು. ವಂಶವೃಕ್ಷ ಮಾಡಿಸಿ, ಎಲ್ಲ ವಾರಸುದಾರರ ಹೆಸರಿನಲ್ಲಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರಿಗೆ ಬದಲಾಯಿಸುವುದು, ಮಾಡಿಸಬಹುದು. ಪಹಣಿಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆ. ಸಾಲಕ್ಕೆ ನಿಮ್ಮ ಒಪ್ಪಿಗೆ ಬೇಕಾದರೆ ಹೋಗಿ ಕೊಟ್ಟು ಬನ್ನಿ. ಅಣ್ಣನ ಬೆಳೆಗೆ ಅದು ಅಡ್ಡಿಯಾಗುವುದಿಲ್ಲ.

ಗದ್ದೆ ಬಿಟ್ಟುಕೊಡಬೇಕು ಅನ್ನಿಸಿದರೆ ಸಂತೋಷವಾಗಿ ಬಿಟ್ಟುಕೊಡಿ. ಬೇಕು ಅನ್ನಿಸಿದರೆ ಕೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ನಿಮ್ಮ ಅಮ್ಮ ಇರುವ ಮನೆಯನ್ನು ಮಾತ್ರ ಬಿಡಬೇಡಿ. ಇದು ನನ್ನ ಹಟ ಅಂತಲೇ ಅಂದುಕೊಳ್ಳಿ. ಷೆಡ್ಯೂಲಿನಲ್ಲಿ ಮನೆ ಇದ್ದರೆ ತೆಗೆಸಿ. ಅಮ್ಮನ ಪಾಲನ್ನು ಅಮ್ಮನ ಹೆಸರಲ್ಲೇ ಉಳಿಸಿ. ಅವರು ಮಗನಿಗೇ ಕೊಡುತ್ತೇನೆ ಅಂತ ಹಟ ಹಿಡಿದರೆ, ಕೊನೆಯವರೆಗೂ ಅವರ ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಇರಲಿ. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಒಂದು ಕಾನೂನು ಬಂದಿದೆ. ಷರತ್ತು ಬರೆದಿದ್ದು, ಮಗ ನೋಡಿಕೊಳ್ಳದೇ ಹೋದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಆ ಪತ್ರ ರದ್ದು ಮಾಡಿ ಅಂತ ಕೇಳಬಹುದು. ನಮ್ಮ ಅವ್ವನ ಪತ್ರದಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

ಹೆಣ್ಣುಮಗಳು ತವರಿನ ಆಸ್ತಿ ತಿಂದರೆ ಅರಗಲ್ಲ, ಗೌರಮ್ಮ ಮುನಿಯುತ್ತಾಳೆ ಅಂತ ಅತ್ತಿಗೆ ಹೇಳಿದರು ಅಂತಲೂ ಬರೆದಿದ್ದೀರಿ. ನಾನು ಗೌರಿಯನ್ನು ಪ್ರತಿ ವರ್ಷ ಕೂರಿಸುವವಳು, ಭಕ್ತಿಯಿಂದ ಮಾಡುವವಳು. ಗೌರಿ ಆ ದಿನ ತವರಿಗೆ ಬರುತ್ತಾಳೆ, ಮಾರನೇ ದಿನ ಮಗ ಗಣಪ ಕರೆದುಕೊಂಡು ಹೋಗಲು ಬರುತ್ತಾನೆ ಅಂತ ತಾನೇ ನಾವು ನಂಬಿರುವುದು? ಮನೆಮಗಳಿಗೆ ಮರ್ಯಾದೆ ಮಾಡುವ ಹಬ್ಬ ಅದು. ಮಗಳು ತನ್ನದನ್ನು ಕೇಳಿದಳು ಅಂತ ಆ ತಾಯಿ ಯಾಕೆ ಮುನಿಯುತ್ತಾಳೆ? ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ ಇಟ್ಟ ಮೊರವನ್ನು ಕಣ್ಣಿಗೊತ್ತಿಕೊಂಡು ತಗೊಳ್ಳಿ. ಪತ್ರವನ್ನು ಮಾತ್ರ ಆ ದಿನ ಮುಟ್ಟಬೇಡಿ. ಹಬ್ಬದ ದಿನ ಸಹಿ ಇಲ್ಲ ಅಂತ ಮೊದಲೇ ಹೇಳಿಬಿಡಿ.

ಕರಡು ಕೈಗೆ ಬಂದ ಮೇಲೆ ನಿಮ್ಮ ತಾಲ್ಲೂಕಿನ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ತೆಗೆದುಕೊಂಡು ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ, ಆದಾಯ ಎಷ್ಟು ಅಂತ ನೋಡುವುದಿಲ್ಲ. ಪ್ರತಿಫಲದ ಸಾಲನ್ನು, ಅಂದರೆ ಹಕ್ಕು ಬಿಟ್ಟದ್ದಕ್ಕೆ ನಿಮಗೆ ಎಷ್ಟು ಹಣ ಬಂತು ಅನ್ನುವ ಸಾಲನ್ನು, ಗಮನಿಸಿ. ಕೈಗೆ ಒಂದು ರೂಪಾಯಿ ಬಾರದಿದ್ದರೂ "ನಗದಾಗಿ ಪಡೆದಿರುತ್ತೇನೆ" ಅಂತ ಬರೆದಿರಬಹುದು. ನನ್ನ ಪತ್ರದಲ್ಲಿ ಬರೆದಿತ್ತು. ಒಮ್ಮೆ ರಿಜಿಸ್ಟರ್ ಆದರೆ ನೀವು ಒಬ್ಬರೇ ಹೋಗಿ ಅದನ್ನು ರದ್ದು ಮಾಡಿಸಲು ಆಗುವುದಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು. ಅದಕ್ಕೂ ಮೋಸ ಗೊತ್ತಾದ ದಿನದಿಂದ ಮೂರು ವರ್ಷದ ಗಡುವು ಇದೆ. ಒಡಹುಟ್ಟಿದವನ ಮೇಲೆ ಕೇಸು ಹಾಕಲು ನನಗೆ ಮನಸ್ಸು ಬರಲಿಲ್ಲ. ನಿಮಗೂ ಬರುವುದಿಲ್ಲ ಅಂತ ನಿಮ್ಮ ಪ್ರಶ್ನೆ ಓದಿದಾಗಲೇ ಗೊತ್ತಾಯಿತು. ಅದಕ್ಕೇ ಕೇಳುವುದನ್ನೆಲ್ಲ ಈಗಲೇ ಕೇಳಿ.

ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಷೆಡ್ಯೂಲನ್ನು ಗಟ್ಟಿಯಾಗಿ ಓದಿ ಹೇಳಿ. ಅವರಿಗೆ ಅರ್ಥವಾಯಿತಾ ಅಂತ ಕೇಳಿ. ಇಷ್ಟೆಲ್ಲ ಸೋಮವಾರದೊಳಗೆ ಆಗದಿದ್ದರೆ ಸೋಮವಾರ ಬರಲು ಆಗಲ್ಲ ಅಂತ ಅಣ್ಣನಿಗೆ ಇವತ್ತೇ ಹೇಳಿ. ಅವನು ಏನಂದ ಅಂತ ನನಗೂ ತಿಳಿಸಿ.